ಮಿರಜದ ದಾರಿಯಲ್ಲಿ ಬಾಯಿಗೆ ಬಾರದ ಮಾತು

ಲಿಂಗನೂರಿನ ನನ್ನ ಸೋದರಮಾವನ ಮನೆಯಲ್ಲಿ ರಾತ್ರಿ ಎಷ್ಟು ಸಲ ಬ್ಯಾಟರಿ ಹೊತ್ತುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಪಡಸಾಲೆಯಲ್ಲಿ ಮಲಗಿದವರ ಕಾಲು ತುಳಿಯಬಾರದೆಂದು ಬೆಳಕನ್ನು ನೆಲಕ್ಕೆ ಹಿಡಿದು ಮಾಮಾ ಹಿತ್ತಲಿಗೆ ಹೋಗುತ್ತಿದ್ದರು. ಮೊದಮೊದಲು ರಾತ್ರಿಗೊಮ್ಮೆ, ಆಮೇಲೆ ಎರಡು ಸಲ, ಕಡೆಕಡೆಗೆ ನಾಲ್ಕೈದು ಸಲ. ಹೋದವರು ಬೇಗ ಬರುತ್ತಿರಲಿಲ್ಲ. ಗೋಡೆಗೆ ಕೈಯಾನಿಸಿ ನಿಂತು, ಈಗ ಬಂದೀತು, ಆಗ ಬಂದೀತು ಎಂದು ಕಾದು, ನಾಲ್ಕು ಹನಿ ಬಿದ್ದ ಮೇಲೆ ತಿರುಗಿ ಬರುವರು. ಒಮ್ಮೆ ನಾನೇ ಕೇಳಿದೆ. “ಏನೂ ಇಲ್ಲೋ ತಮ್ಮಾ, ವಯಸ್ಸಾತು. ಇದೆಲ್ಲಾ ಆಗೂದ” ಎಂದು ಗೋಡೆಯ ಕಡೆ ಮಗ್ಗುಲಾದರು.

ಮೂರು ವರ್ಷ ಹೀಗೇ ನಡೆಯಿತು. ಕಬ್ಬಿನ ಕಟಾವು ನಡೆದಿದ್ದ ಒಂದು ಚಳಿಯ ರಾತ್ರಿ ಪೂರ್ತಿ ಕಟ್ಟಿತು. ಕಿಬ್ಬೊಟ್ಟೆ ಕಲ್ಲಿನಂತಾಗಿ ಮಾಮಾ ಹಾಸಿಗೆಯಲ್ಲಿ ಹೊರಳಾಡತೊಡಗಿದಾಗ ಅತ್ತೆ ಹೇಳಿದ್ದು ಒಂದೇ ಮಾತು: “ಮಿರಜಕ್ಕ ಒಯ್ಯಿರಿ.”

ಕರ್ನಾಟಕ, ಮಹಾರಾಷ್ಟ್ರದ ಈ ಗಡಿಸೀಮೆಯಲ್ಲಿ ಆ ಮಾತಿನ ಬೇರು ನೂರು ವರ್ಷಕ್ಕಿಂತ ಹಿಂದೆ ಹೋಗುತ್ತದೆ. ಕೆನಡಾದಲ್ಲಿ ಹುಟ್ಟಿದ ವಿಲಿಯಂ ವಾನ್ಲೆಸ್ ಎಂಬ ಮಿಷನರಿ ವೈದ್ಯರು 1889ರಲ್ಲಿ ಭಾರತಕ್ಕೆ ಬಂದು, 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. ಪಟವರ್ಧನ ಅರಸರ ಆ ಪುಟ್ಟ ಸಂಸ್ಥಾನದ ಊರು ರೈಲು ಜಂಕ್ಷನ್ ಆದದ್ದು ರೋಗಿಗಳಿಗೆ ಅನುಕೂಲವಾಯಿತು. ಅಥಣಿ, ಚಿಕ್ಕೋಡಿ, ರಾಯಬಾಗ, ಜಮಖಂಡಿ, ಜತ್ತ ಕಡೆಯವರು ಕಣ್ಣಿನ ಪೊರೆ, ಹೊಟ್ಟೆಯ ಗಡ್ಡೆ, ಮುರಿದ ಎಲುಬು, ಹೆರಿಗೆ ಎಂದು ಅಲ್ಲಿಗೇ ಬಂದರು. ವಾನ್ಲೆಸ್ ಅವರಿಗೆ 1928ರಲ್ಲಿ ‘ಸರ್’ ಪದವಿ ಬಂತು. ಸಾಂಗ್ಲಿ, ಮಿರಜದ ನಡುವೆ ಕ್ಷಯರೋಗಿಗಳಿಗಾಗಿ ಅವರು ಎಬ್ಬಿಸಿದ ಆರೋಗ್ಯಧಾಮದ ಜಾಗ ಇವತ್ತಿಗೂ ವಾನ್ಲೆಸ್‌ವಾಡಿ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ಕನ್ನಡ ಆಡುವ ಊರುಗಳು ಆಚೆಗಷ್ಟು ಈಚೆಗಷ್ಟು ಹಂಚಿಹೋದವು. ಆಸ್ಪತ್ರೆಯ ದಾರಿ ಮಾತ್ರ ಬದಲಾಗಲಿಲ್ಲ. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಮಿರಜಕ್ಕೆ ಬಂತು. ಇವತ್ತು ಆ ಊರಿನ ಓಣಿ ಓಣಿಗೂ ಒಂದು ನರ್ಸಿಂಗ್ ಹೋಮ್, ಅದರ ಮುಂದೆ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ಕೂತ ಒಂದು ಕನ್ನಡದ ಸಂಸಾರ.

ಆ ರಾತ್ರಿ ಮಾಮಾನಿಗೆ ನಳಿ ಹಾಕಿ ಉಚ್ಚೆ ತೆಗೆದರು. ಒಂದು ಲೀಟರಿಗಿಂತ ಹೆಚ್ಚು ಬಂತು. “ದೇವರು ಬಂದಂಗ ಬಂದ್ರಪಾ ಡಾಕ್ಟರು” ಎಂದು ಮಾಮಾ ಕಣ್ಣೀರು ಹಾಕಿದರು. ಬೆಳಿಗ್ಗೆ ತಜ್ಞ ವೈದ್ಯರು ಬಂದು ಪ್ರಶ್ನೆ ಕೇಳತೊಡಗಿದರು. ನಾನು ಇವತ್ತು ಬರೆಯಬೇಕೆಂದು ಕೂತದ್ದು ಆ ಹತ್ತು ನಿಮಿಷದ ಬಗ್ಗೆ.

ಪ್ರಶ್ನೆ ಮರಾಠಿಯಲ್ಲಿ. ಮಾಮಾನಿಗೆ ಮರಾಠಿ ಬರುತ್ತದೆ. ಸಾಂಗ್ಲಿಯ ಪೇಟೆಯಲ್ಲಿ ಅರಿಷಿಣ ಮಾರಲು, ಎಸ್‌ಟಿ ಬಸ್ಸು ಹತ್ತಲು, ತಲಾಠಿಯ ಹತ್ತಿರ ಉತಾರ ಕೇಳಲು ಸಾಲುವಷ್ಟು. ಆದರೆ ಮೈಯ ಒಳಗಿನ ನೋವನ್ನು ಹೇಳಲು ಬೇಕಾದ ಮರಾಠಿ ಪೇಟೆಯಲ್ಲಿ ಸಿಗುವುದಿಲ್ಲ. ಹಾಗಾಗಿ ನಡುವೆ ನಿಂತವನು ಹನ್ನೊಂದನೇ ಇಯತ್ತೆ ಓದುವ ಮೊಮ್ಮಗ. ಅತ್ತ ಸೊಸೆ ನಿಂತಿದ್ದಳು, ಇತ್ತ ಅತ್ತೆ. ಬೇರೆ ಏನಾದರೂ ಗುಳಿಗೆ ನಡೆದಿದೆಯೇ ಎಂದು ವೈದ್ಯರು ಕೇಳಿದರು. ಹುಡುಗನಿಗೆ ಗೊತ್ತಿದ್ದದ್ದು ಬಿಪಿ ಗುಳಿಗೆ. ಅದನ್ನೇ ಹೇಳಿದ. ತಂಬಾಕು? “ಬಿಟ್ಟೇನಿ ಅನ್ನೋ” ಎಂದರು ಮಾಮಾ. ಎಷ್ಟು ದಿನದಿಂದ ತೊಂದರೆ? “ಮೊನ್ನೆಯಿಂದ.” ಆಮೇಲೆ ವೈದ್ಯರು ಗಂಡ ಹೆಂಡತಿಯ ಸಂಬಂಧದ ಬಗ್ಗೆ ಒಂದು ಪ್ರಶ್ನೆ ಕೇಳಿದರು. ಹುಡುಗ ಕಿವಿಯವರೆಗೆ ಕೆಂಪಾಗಿ, ಅಜ್ಜನ ಮುಖವನ್ನೂ ನೋಡದೆ, “ನಾಹಿ” ಎಂದುಬಿಟ್ಟ. ಆ ಪ್ರಶ್ನೆ ಮಾಮಾನ ಕಿವಿಗೆ ತಲುಪಲೇ ಇಲ್ಲ.

ನಾಲ್ಕು ಪ್ರಶ್ನೆ, ನಾಲ್ಕೂ ತಪ್ಪು ಉತ್ತರ. ಯಾರೂ ಮೋಸ ಮಾಡಬೇಕೆಂದು ಸುಳ್ಳು ಹೇಳಲಿಲ್ಲ. ಆದರೆ ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ಯಾರಿಗೆ ತೊಡಕಾದೀತು, ಯಾರು ನೆಟ್ಟಗೆ ಮನೆಗೆ ಬಂದಾರು ಎಂದು ವೈದ್ಯರು ಅಂದಾಜು ಕಟ್ಟುವುದೇ ಈ ಉತ್ತರಗಳ ಮೇಲೆ.

ಹನ್ನೊಂದು ಜನ, ಎಂಬತ್ತೊಂಬತ್ತು ಜನ

ಪ್ರಾಸ್ಟೇಟ್ ಎಂಬುದು ಗಂಡಸರ ಮೂತ್ರಚೀಲದ ಬುಡದಲ್ಲಿ, ಉಚ್ಚೆ ಹೊರಬರುವ ನಾಳವನ್ನು ಸುತ್ತುವರಿದು ಕೂತ ಅಕ್ರೋಟ ಗಾತ್ರದ ಗ್ರಂಥಿ. ಹರೆಯದಲ್ಲಿ ಅದರ ತೂಕ ಸುಮಾರು 20 ಗ್ರಾಂ. ನಡುವಯಸ್ಸು ದಾಟಿದ ಮೇಲೆ ಅದು ಬೆಳೆಯುತ್ತದೆ. ಐವತ್ತು ದಾಟಿ ಅರವತ್ತರೊಳಗಿನ ಗಂಡಸರಲ್ಲಿ ಅರ್ಧದಷ್ಟು ಮಂದಿಗೆ, ಎಂಬತ್ತು ದಾಟಿದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಈ ಬೆಳವಣಿಗೆ ಇರುತ್ತದೆ. ಇದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಗ್ರಂಥಿ ದಪ್ಪವಾದಂತೆ ನಡುವಿನ ನಾಳ ಇಕ್ಕಟ್ಟಾಗುತ್ತದೆ, ಅಷ್ಟೇ. ಗುಳಿಗೆಯಿಂದ ಎಷ್ಟೋ ಜನರಿಗೆ ಗುಣ ಕಾಣುತ್ತದೆ. ಕಾಣದಿದ್ದಾಗ ಆಪರೇಷನ್.

ಈ ಆಪರೇಷನ್ನಿನ ಚರಿತ್ರೆಯಲ್ಲಿ ನಮ್ಮ ದೇಶದ ನೀರು ಕುಡಿದ ಒಬ್ಬರ ಹೆಸರಿದೆ. ಐರ್ಲೆಂಡಿನ ಪೀಟರ್ ಫ್ರೇಯರ್ 1875ರಲ್ಲಿ ಇಂಡಿಯನ್ ಮೆಡಿಕಲ್ ಸರ್ವೀಸ್ ಸೇರಿ ಉತ್ತರ ಭಾರತದಲ್ಲಿ ಇಪ್ಪತ್ತು ವರ್ಷ ಮೂತ್ರಚೀಲದ ಕಲ್ಲು ತೆಗೆದವರು. ಲಂಡನ್ನಿಗೆ ಮರಳಿ 1900ರ ಡಿಸೆಂಬರ್ 1ರಂದು ಸೇಂಟ್ ಪೀಟರ್ಸ್ ಆಸ್ಪತ್ರೆಯಲ್ಲಿ ಕಿಬ್ಬೊಟ್ಟೆ ತೆರೆದು, ಬೆರಳಿನಿಂದಲೇ ಪ್ರಾಸ್ಟೇಟನ್ನು ಬಿಡಿಸಿ ತೆಗೆದರು. 1912ರ ಹೊತ್ತಿಗೆ ಅವರ ಲೆಕ್ಕ ಸಾವಿರಕ್ಕೆ ಮುಟ್ಟಿತ್ತು. ಆಗ ನೂರು ರೋಗಿಗಳಲ್ಲಿ ಐದರಷ್ಟು ಮಂದಿ ಸಾಯುತ್ತಿದ್ದರು, ಅದನ್ನೇ ಜಗತ್ತು ದೊಡ್ಡ ಗೆಲುವೆಂದು ಕೊಂಡಾಡಿತು. ಇವತ್ತು ಹೊಟ್ಟೆ ಕೊಯ್ಯುವುದು ಅಪರೂಪ. ಉಚ್ಚೆಯ ದಾರಿಯಲ್ಲೇ ದುರ್ಬೀನು ಇಳಿಸಿ, ವಿದ್ಯುತ್ತಿನ ತಂತಿಯಿಂದ ಗ್ರಂಥಿಯನ್ನು ಚೂರು ಚೂರಾಗಿ ಹೆರೆದು ತೆಗೆಯುವ ಟಿಯುಆರ್‌ಪಿ ಎಲ್ಲೆಡೆ ನಡೆಯುತ್ತದೆ. ಲೇಸರ್ ಕೂಡ ಬಂದಿದೆ.

1989ರಲ್ಲಿ ಅಮೆರಿಕದ 3,885 ಟಿಯುಆರ್‌ಪಿ ರೋಗಿಗಳ ಲೆಕ್ಕ ಪ್ರಕಟವಾಯಿತು. ಸತ್ತವರು ಸಾವಿರಕ್ಕೆ ಇಬ್ಬರು, ಒಂದಲ್ಲ ಒಂದು ತೊಡಕು ಕಂಡವರು ನೂರಕ್ಕೆ 18. ಯಾರಲ್ಲಿ ತೊಡಕು ಹೆಚ್ಚೆಂದು ನೋಡಿದರೆ ಎಂಬತ್ತು ದಾಟಿದವರಲ್ಲಿ, ಗ್ರಂಥಿ 45 ಗ್ರಾಂಗಿಂತ ದೊಡ್ಡದಿದ್ದವರಲ್ಲಿ, ಹೆರೆಯುವ ಕೆಲಸ 90 ನಿಮಿಷ ಮೀರಿದವರಲ್ಲಿ, ಮತ್ತು ಉಚ್ಚೆ ಪೂರ್ತಿ ಕಟ್ಟಿದ ಮೇಲೆಯೇ ಆಸ್ಪತ್ರೆಗೆ ಬಂದವರಲ್ಲಿ. 2008ರಲ್ಲಿ ಜರ್ಮನಿಯ ಬವೇರಿಯಾದಿಂದ 10,654 ರೋಗಿಗಳ ಲೆಕ್ಕ ಬಂತು. ಸಾವು ಸಾವಿರಕ್ಕೆ ಒಂದಕ್ಕಿಳಿದಿತ್ತು, ತೊಡಕು ನೂರಕ್ಕೆ 11ಕ್ಕೆ. ಅಂದರೆ ಎಂಬತ್ತೊಂಬತ್ತು ಮಂದಿ ಏನೂ ಆಗದೆ ಮನೆಗೆ ಹೋದರು. ಹೆದರಿ ಕೂರುವ ಆಪರೇಷನ್ ಇದಲ್ಲ ಎಂದು ಓದುಗರಿಗೆ ಮೊದಲೇ ಹೇಳಬೇಕು.

ಬವೇರಿಯಾದ ಆ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡ ತೊಡಕು ಯಾವುದು? ರಕ್ತಸ್ರಾವವಲ್ಲ, ಸೋಂಕೂ ಅಲ್ಲ. ನಳಿ ತೆಗೆದ ಮೇಲೂ ಉಚ್ಚೆ ಬಾರದಿರುವುದು, ನೂರಕ್ಕೆ ಆರರ ಹತ್ತಿರ. ದಾರಿ ತೆರವು ಮಾಡಿದ್ದಾರೆ, ಆದರೂ ಬರುವುದಿಲ್ಲ. ಮೂತ್ರಚೀಲ ಒಂದು ಸ್ನಾಯು. ಮುಂದೆ ದಾರಿ ಮುಚ್ಚಿದ್ದರೆ ಅದು ವರ್ಷಗಟ್ಟಲೆ ತಿಣುಕುತ್ತದೆ, ಗೋಡೆ ದಪ್ಪವಾಗುತ್ತದೆ, ಕೊನೆಗೊಂದು ದಿನ ಸೋತು ಹಳೆಯ ರಬ್ಬರಿನಂತೆ ಜೋಲುತ್ತದೆ. ಸೋತ ಸ್ನಾಯುವನ್ನು ಯಾವ ಆಪರೇಷನ್ನೂ ಹೊಸದು ಮಾಡಲಾರದು. ಇನ್ನು ಕೆಲವರಲ್ಲಿ ನೋವೇ ಇರುವುದಿಲ್ಲ. ಮೂತ್ರಚೀಲ ತುಂಬಿ ತುಂಬಿ, ಅದರ ಒತ್ತಡ ಮೇಲೆ ಮೂತ್ರಪಿಂಡಕ್ಕೆ ಏರುತ್ತದೆ. ಅವರಿಗೆ ಕಾಣುವ ಒಂದೇ ಗುರುತೆಂದರೆ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುವುದು. ಎಪ್ಪತ್ತರ ಯಜಮಾನ ಅದನ್ನು ಯಾರಿಗೆ ಹೇಳಿಯಾನು? ಬೆಳಗಾಗುವ ಮೊದಲೇ ಎದ್ದು ತಾನೇ ಕೌದಿ ಒಣಗಹಾಕುತ್ತಾನೆ. ಮೂತ್ರಪಿಂಡ ಸೋತದ್ದನ್ನು ರಕ್ತದಲ್ಲಿ ತೋರಿಸುವ ಕ್ರಿಯಾಟಿನಿನ್ ಏರಿದ ಮೇಲೆ ಆಪರೇಷನ್ನಿಗೆ ಬಂದವನ ಅಪಾಯವೇ ಬೇರೆ.

“ಮೊನ್ನೆಯಿಂದ” ಎಂದು ಮಾಮಾ ಹೇಳಿದ ಮೂರು ವರ್ಷದ ಬೆಲೆ ಇದು.

ಚಂಚಿಯೊಳಗಿನ ಗುಳಿಗೆ

ಮಾಮಾನ ಎಲೆ ಅಡಿಕೆ ಚಂಚಿಯಲ್ಲಿ ಸುಣ್ಣದ ಡಬ್ಬಿ, ತಂಬಾಕಿನ ಪುಡಿಕೆಯ ಜೊತೆಗೆ ಒಂದು ಗುಳಿಗೆಯ ಪಟ್ಟಿ ಇರುತ್ತಿತ್ತು. ಎರಡು ವರ್ಷದ ಹಿಂದೆ ಎದೆ ನೋವೆಂದು ಇನ್ನೊಂದು ಊರಿನ ವೈದ್ಯರ ಹತ್ತಿರ ಹೋದಾಗ ಬರೆದುಕೊಟ್ಟದ್ದು. ಕ್ಲೊಪಿಡೊಗ್ರೆಲ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ. ಯಾಕೆ ಹೇಳಲಿಲ್ಲ ಮಾಮಾ ಎಂದು ಆಮೇಲೆ ಕೇಳಿದರೆ ಅವರ ಉತ್ತರದಲ್ಲಿ ಅವರದೇ ನ್ಯಾಯವಿತ್ತು: “ಅದು ಎದಿ ಗುಳಿಗಿ. ಉಚ್ಚಿ ದವಾಖಾನ್ಯಾಗ ಯಾಕ ಹೇಳಬೇಕ?” ಆಪರೇಷನ್ನಿನ ಹಿಂದಿನ ರಾತ್ರಿಯೂ ತಪ್ಪದೆ ನುಂಗಿದ್ದರು.

ಪ್ರಾಸ್ಟೇಟ್ ರಕ್ತನಾಳ ತುಂಬಿದ ಗ್ರಂಥಿ. ಹೆರೆದ ಜಾಗಕ್ಕೆ ಹೊಲಿಗೆ ಹಾಕಲಾಗದು, ಸುಟ್ಟೇ ರಕ್ತ ನಿಲ್ಲಿಸಬೇಕು. ಉಳಿದದ್ದನ್ನು ಮೈ ತಾನೇ ಹೆಪ್ಪುಗಟ್ಟಿಸಿ ನಿಲ್ಲಿಸಿಕೊಳ್ಳುತ್ತದೆ. ಹೆಪ್ಪುಗಟ್ಟಿಸುವ ಆ ಶಕ್ತಿಯನ್ನೇ ಗುಳಿಗೆ ಕಟ್ಟಿಹಾಕಿದ್ದರೆ? ಆಪರೇಷನ್ ಆದ ರಾತ್ರಿ ಮಾಮಾನ ಉಚ್ಚೆಯ ಚೀಲದಲ್ಲಿ ನಸುಗೆಂಪು ಇರಬೇಕಾದಲ್ಲಿ ಕಡುಗೆಂಪು ಬರತೊಡಗಿತು. ಹೆಪ್ಪು ತುಂಡುಗಳು ನಳಿಯನ್ನೇ ಮುಚ್ಚಿದವು. ಮತ್ತೆ ಥಿಯೇಟರಿಗೆ ಒಯ್ದು ತೊಳೆದರು, ಎರಡು ಬಾಟಲಿ ರಕ್ತ ಕೊಟ್ಟರು. ಮೂರು ದಿನದ ಮಾತು ಹನ್ನೆರಡು ದಿನವಾಯಿತು.

ಇದನ್ನು ಓದಿ ಯಾರೂ ನಾಳೆಯೇ ಎದೆಯ ಗುಳಿಗೆ ಬಿಟ್ಟುಬಿಡಬಾರದು. ಆ ತಪ್ಪು ಇದಕ್ಕಿಂತ ಕೆಟ್ಟದ್ದು. ಎದೆಗೆ ಸ್ಪ್ರಿಂಗ್ ಹಾಕಿದ್ದಾರೆ ಎಂದು ಜನ ಹೇಳುವ ಸ್ಟೆಂಟ್ ಇದ್ದವರು ತಾವಾಗಿಯೇ ಗುಳಿಗೆ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿ ಹೃದಯಾಘಾತವಾಗಬಹುದು. ಯಾವುದನ್ನು ನಿಲ್ಲಿಸಬೇಕು, ಎಷ್ಟು ದಿನ ಮೊದಲು, ಯಾವುದನ್ನು ನಡೆಸಬೇಕು, ಇಲ್ಲವೇ ಆಪರೇಷನ್ನನ್ನೇ ಕೆಲವು ತಿಂಗಳು ಮುಂದೂಡಬೇಕೇ ಎಂಬುದನ್ನು ಎದೆಯ ವೈದ್ಯರೂ ಆಪರೇಷನ್ ಮಾಡುವವರೂ ಕೂಡಿ ತೀರ್ಮಾನಿಸಬೇಕು. ಅವರಿಬ್ಬರ ನಡುವೆ ಮಾತಾಗಬೇಕಾದರೆ ಗುಳಿಗೆ ಚಂಚಿಯಿಂದ ಮೇಜಿನ ಮೇಲೆ ಬರಬೇಕು.

ಸಕ್ಕರೆ ಕಾಯಿಲೆಯ ಕತೆಯೂ ಇದೇ. ಹತೋಟಿಯಲ್ಲಿಲ್ಲದ ಸಕ್ಕರೆ ಸೋಂಕಿಗೆ ಬಾಗಿಲು ತೆರೆಯುತ್ತದೆ, ಗಾಯ ಮಾಯುವುದನ್ನು ತಡಮಾಡುತ್ತದೆ. ವರ್ಷಗಟ್ಟಲೆ ಏರಿದ ಸಕ್ಕರೆ ಮೂತ್ರಚೀಲದ ನರಗಳನ್ನೂ ಮಂದ ಮಾಡಿರುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವ ಡಾಪಾಗ್ಲಿಫ್ಲೊಜಿನ್‌ನಂಥ ಗುಳಿಗೆಗಳನ್ನು ಆಪರೇಷನ್ನಿಗೆ ಮೂರು ದಿನವಾದರೂ ಮೊದಲು ನಿಲ್ಲಿಸಲು ಹೇಳುತ್ತಾರೆ. ಇಲ್ಲದಿದ್ದರೆ ಉಪವಾಸದ ಹೊತ್ತಿನಲ್ಲಿ ರಕ್ತ ಆಮ್ಲವಾಗುವ ಅಪಾಯವಿದೆ. ಇದನ್ನೂ ವೈದ್ಯರೇ ಹೇಳಬೇಕು. ಹೇಳಬೇಕಾದರೆ ಅವರಿಗೆ ಗೊತ್ತಿರಬೇಕು.

ತಂಬಾಕಿನ ಬಗ್ಗೆ ನಮ್ಮ ಕಡೆ ವಿಶೇಷವಾಗಿ ಹೇಳಬೇಕು. ನಿಪ್ಪಾಣಿಯ ತಂಬಾಕು ಬೆಳೆದು ಮಾರಿ ಬದುಕಿದ ಸೀಮೆ ಇದು. ಇಲ್ಲಿ ತಂಬಾಕು ತಿನ್ನುವುದನ್ನಾಗಲಿ ಸೇದುವುದನ್ನಾಗಲಿ ಚಟವೆಂದು ಯಾರೂ ಎಣಿಸುವುದಿಲ್ಲ. ಬೀಡಿ ಸೇದುವವನ ಪುಪ್ಪುಸ ಆಪರೇಷನ್ನಿನ ನಂತರ ಕೆಮ್ಮಿಗೆ, ಕಫಕ್ಕೆ, ನ್ಯುಮೋನಿಯಾಕ್ಕೆ ಸುಲಭದ ತುತ್ತು. ಕೆಮ್ಮಿದಾಗಲೆಲ್ಲ ಕಿಬ್ಬೊಟ್ಟೆಯ ಮೇಲೆ ಒತ್ತಡ ಬಿದ್ದು ನಿಂತ ರಕ್ತ ಮತ್ತೆ ಚಿಮ್ಮುತ್ತದೆ. ಕೆಲವು ವಾರ ಮೊದಲೇ ಬಿಟ್ಟರೆ ಲಾಭವಿದೆ. “ಬಿಟ್ಟೇನಿ” ಎಂದು ಸುಳ್ಳು ಹೇಳಿದರೆ ಅರಿವಳಿಕೆ ಕೊಡುವವರು ತಪ್ಪು ಲೆಕ್ಕದ ಮೇಲೆ ಕೆಲಸ ಮಾಡುತ್ತಾರೆ.

ವಯಸ್ಸಿನ ಬಗ್ಗೆ ಜನ ಬೇಕಾದ್ದಕ್ಕಿಂತ ಹೆಚ್ಚು ಹೆದರುತ್ತಾರೆ ಎಂದು ನನ್ನ ಅಭಿಪ್ರಾಯ. ಎಂಬತ್ತರಲ್ಲೂ ದ್ರಾಕ್ಷಿ ಪಡಕ್ಕೆ ಹೋಗಿ ಬರುವ, ಎರಡು ಮಹಡಿ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುವ ರೈತನಿಗಿಂತ, ಅರವತ್ತೈದಕ್ಕೇ ಬೊಜ್ಜು, ಸಕ್ಕರೆ, ಬೀಡಿ ಮೂರನ್ನೂ ಹೊತ್ತು ಕುರ್ಚಿಯಲ್ಲಿ ಕೂತವನ ಅಪಾಯ ಹೆಚ್ಚು.

ನಳಿ ಮತ್ತು ಚೀಲ

ಉಚ್ಚೆ ಕಟ್ಟಿದ ರಾತ್ರಿಗೂ ಆಪರೇಷನ್ನಿಗೂ ನಡುವೆ ಮಾಮಾ ಎರಡು ವಾರ ನಳಿ ಹಾಕಿಕೊಂಡು ಮನೆಯಲ್ಲಿದ್ದರು. ಮನೆಗೆ ಕರೆತರುವಾಗ ಉಚ್ಚೆಯ ಚೀಲ ಜೀಪಿನ ನೆಲಕ್ಕೆ ತಾಗಬಾರದೆಂದು, ಬಂದವರ ಕಣ್ಣಿಗೆ ಬೀಳಬಾರದೆಂದು, ಅತ್ತೆ ಅದನ್ನು ಸೆರಗಿನಲ್ಲಿ ಮುಚ್ಚಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಮಮತೆಯಿಂದ ಮಾಡಿದ್ದು. ಆದರೆ ಚೀಲ ಮೂತ್ರಚೀಲಕ್ಕಿಂತ ಮೇಲೆ ಬಂದರೆ ಹಳೆಯ ಉಚ್ಚೆ ತಿರುಗಿ ಒಳಗೆ ಹರಿಯುತ್ತದೆ, ಜೊತೆಗೆ ಸೋಂಕೂ ಹೋಗುತ್ತದೆ. ನಳಿ ಇದ್ದ ಪ್ರತಿ ದಿನಕ್ಕೂ ಉಚ್ಚೆಯಲ್ಲಿ ಬ್ಯಾಕ್ಟೀರಿಯಾ ಸೇರುವ ಸಂಭವ ನೂರಕ್ಕೆ 3ರಿಂದ 7ರಷ್ಟು ಏರುತ್ತದೆ ಎಂಬುದು ಒಪ್ಪಿತ ಲೆಕ್ಕ. ತಿಂಗಳಾದರೆ ಹೆಚ್ಚುಕಡಿಮೆ ಎಲ್ಲರಲ್ಲೂ ಸೇರಿರುತ್ತದೆ. ಆ ಸೋಂಕಿನ ಮೇಲೆಯೇ ಗ್ರಂಥಿ ಹೆರೆದರೆ ಬ್ಯಾಕ್ಟೀರಿಯಾ ನೇರವಾಗಿ ರಕ್ತಕ್ಕೆ ಇಳಿದು ನಡುಕದ ಜ್ವರ ಬರುತ್ತದೆ. ಅದಕ್ಕೇ ಆಪರೇಷನ್ನಿಗೆ ಮೊದಲು ಉಚ್ಚೆಯ ಕಲ್ಚರ್ ಪರೀಕ್ಷೆ. ಚೀಲ ಯಾವಾಗಲೂ ಮೂತ್ರಚೀಲಕ್ಕಿಂತ ಕೆಳಗೆ, ನೆಲಕ್ಕಿಂತ ಮೇಲೆ ಇರಬೇಕು. ಇಷ್ಟನ್ನು ಅತ್ತೆಗೆ ಕನ್ನಡದಲ್ಲಿ ಒಬ್ಬರು ಹೇಳಿದ್ದರೆ ಸಾಕಿತ್ತು.

ಮೇಜಿನ ಮೇಲೆ ಮಾತು

ಟಿಯುಆರ್‌ಪಿಯನ್ನು ಸಾಮಾನ್ಯವಾಗಿ ಬೆನ್ನಿಗೆ ಸೂಜಿ ಹಾಕಿ ಮಾಡುತ್ತಾರೆ. ಸೊಂಟದ ಕೆಳಗೆ ಮರಗಟ್ಟಿರುತ್ತದೆ, ರೋಗಿಗೆ ಎಚ್ಚರವಿರುತ್ತದೆ. ಹಾಗೆ ಮಾಡಲು ಒಂದು ಹಳೆಯ ಕಾರಣವಿದೆ. ಹೆರೆಯುವಾಗ ಕಣ್ಣಿಗೆ ಸ್ಪಷ್ಟ ಕಾಣಲೆಂದು ಒಳಗೆ ಸತತವಾಗಿ ದ್ರವ ಹರಿಸುತ್ತಾರೆ. ಹಳೆಯ ವಿಧಾನದಲ್ಲಿ ಅದು ಉಪ್ಪಿಲ್ಲದ ದ್ರವ. ತೆರೆದ ರಕ್ತನಾಳಗಳು ಅದನ್ನು ಹೀರುತ್ತವೆ, ನಿಮಿಷಕ್ಕೆ ಸುಮಾರು 20 ಮಿಲಿಲೀಟರ್. ಗ್ರಂಥಿ ದೊಡ್ಡದಾಗಿ, ಹೊತ್ತು ಹೆಚ್ಚಾದಷ್ಟೂ ರಕ್ತ ನೀರಾಗಿ ಸೋಡಿಯಂ ಇಳಿಯುತ್ತದೆ. 90 ನಿಮಿಷದ ಎಲ್ಲೆಯ ಹಿಂದೆ ಈ ಭಯವೂ ಇದೆ. ಇದಕ್ಕೆ ಟಿಯುಆರ್ ಸಿಂಡ್ರೋಮ್ ಎಂದು ಹೆಸರು. ಅದರ ಮೊದಲ ಗುರುತು ಬಹಳ ಸಲ ರೋಗಿಯ ಮಾತಿನಲ್ಲೇ ಕಾಣುತ್ತದೆ. ಚೆನ್ನಾಗಿ ಮಾತಾಡುತ್ತಿದ್ದವನು ತಡವರಿಸುತ್ತಾನೆ, ಕೇಳಿದ್ದಕ್ಕೆ ಬೇರೆಯದೇ ಉತ್ತರ ಕೊಡುತ್ತಾನೆ, ಕಣ್ಣು ಮಂಜೆನ್ನುತ್ತಾನೆ, ಸುಮ್ಮನೆ ಚಡಪಡಿಸುತ್ತಾನೆ. ಅದಕ್ಕಾಗಿಯೇ ಅರಿವಳಿಕೆ ವೈದ್ಯರು ತಲೆಯ ಬದಿಗೆ ಕೂತು ರೋಗಿಯ ಜೊತೆ ಮಾತಾಡುತ್ತಲೇ ಇರುತ್ತಾರೆ. ಹೊಲ ಎಷ್ಟೆಕರೆ, ಮಕ್ಕಳೆಷ್ಟು, ಈ ಸಲ ಮಳೆ ಹೇಗೆ?

ಈಗ ಯೋಚಿಸಿ ನೋಡಿ. ಕೇಳುವವರಿಗೆ ಕನ್ನಡ ಬಾರದು, ಹೇಳುವವನಿಗೆ ಕನ್ನಡವೊಂದೇ ಸಲೀಸು. ಅವನ ಮಾತು ದಾರಿ ತಪ್ಪಿದ್ದನ್ನು ಗುರುತಿಸುವವರು ಯಾರು?

ಬೈಪೋಲಾರ್ ಯಂತ್ರ ಮತ್ತು ಲೇಸರಿನಲ್ಲಿ ಉಪ್ಪುನೀರು, ಅಂದರೆ ಸಲಾಯಿನ್ ಬಳಸುವುದರಿಂದ ಸೋಡಿಯಂ ಇಳಿಯುವ ಈ ಭಯ ಬಹುಮಟ್ಟಿಗೆ ನೀಗಿದೆ. ಆದರೆ ಮಾತಿನ ಪ್ರಶ್ನೆ ಅಲ್ಲಿಗೇ ಮುಗಿಯುವುದಿಲ್ಲ. ಮುದುಕರಿಗೆ ಆಪರೇಷನ್ನಿನ ನಂತರದ ರಾತ್ರಿಗಳಲ್ಲಿ ಭ್ರಮೆ ಬಡಿಯುವುದುಂಟು. ಹೊಸ ಜಾಗ, ಕನ್ನಡಕವಿಲ್ಲ, ಕಿವಿ ಮಂದ, ಸುತ್ತ ಆಡುವ ಭಾಷೆ ಬೇರೆ. ಎರಡನೆಯ ರಾತ್ರಿ ಮಾಮಾ ಎದ್ದು ಕೂತು “ಎತ್ತು ಬಿಚ್ಚಿಕೊಂಡ ಹೋಗ್ಯಾವ, ಹಿಡೀರಿ” ಎಂದು ಕೂಗುತ್ತ ನಳಿಗೆ ಕೈ ಹಾಕಿದರು. ನಳಿಯ ತುದಿಯಲ್ಲಿ ನೀರು ತುಂಬಿದ ಬಲೂನು ಇರುತ್ತದೆ. ಹಾಗೆಯೇ ಜಗ್ಗಿದ್ದರೆ ಗಾಯ ಹರಿಯುತ್ತಿತ್ತು. ಆ ಹೊತ್ತಿಗೆ ಓಡಿ ಬಂದ ಸಿಸ್ಟರ್ ಅಥಣಿ ಕಡೆಯವರು. ಕೈ ಹಿಡಿದು, “ಎತ್ತು ಗ್ವಾದಲ್ಯಾಗ ಅದಾವ್ರಿ ಅಜ್ಜಾ, ಮೇವು ಹಾಕೇನಿ, ನೀವು ಮಕ್ಕೋರಿ” ಎಂದರು. ಮಾಮಾ ಮಲಗಿದರು. ಆ ರಾತ್ರಿ ನಳಿಯನ್ನು ಉಳಿಸಿದ್ದು ಆ ಮಾತು.

ಮನೆಗೆ ಬಂದ ಮೇಲೆ

ಮನೆಗೆ ಬಂದು ಹತ್ತು ದಿನವಾಗುವ ಹೊತ್ತಿಗೆ ನೋವಿರುವುದಿಲ್ಲ, ಉಚ್ಚೆ ಧಾರೆಯಾಗಿ ಬರುತ್ತದೆ. ರೋಗಿ ತನಗೆಲ್ಲ ವಾಸಿಯಾಯಿತೆಂದು ತಿಳಿಯುತ್ತಾನೆ. ಒಳಗೆ ಆಗತಾನೇ ಹಕ್ಕಳೆ ಉದುರುವ ಸಮಯ. 10ರಿಂದ 14 ದಿನದ ನಡುವೆ ಮತ್ತೆ ರಕ್ತ ಕಾಣುವುದುಂಟು. ಮಲಬದ್ಧತೆಯಿಂದ ತಿಣುಕಿದರೆ, ಗೊಬ್ಬರದ ಚೀಲ ಎತ್ತಿದರೆ, ಟ್ರ್ಯಾಕ್ಟರ್ ಹತ್ತಿದರೆ, ಮಗನ ಬೈಕಿನ ಹಿಂದೆ ಕೂತು ಹೊಲದ ದಾರಿಯಲ್ಲಿ ಕುಲುಕಾಡಿದರೆ ಅದು ಜೋರಾಗುತ್ತದೆ. ನಾಲ್ಕರಿಂದ ಆರು ವಾರ ಇದೆಲ್ಲ ಬೇಡ. ನೀರು ಧಾರಾಳವಾಗಿ ಕುಡಿಯಬೇಕು. ಆಷಾಢದ ವಾರಿಗೆ ಪಂಢರಪುರಕ್ಕೆ ನಡೆದು ಹೋಗುವ ಹರಕೆ ನಮ್ಮ ಊರುಗಳಲ್ಲಿ ಬಹಳ ಮಂದಿಗಿದೆ. ಆಪರೇಷನ್ ಆದ ತಿಂಗಳಲ್ಲೇ ಆ ನಡಿಗೆ ಬೇಡ. ವಿಠ್ಠಲ ಮುಂದಿನ ವರ್ಷವೂ ಇಟ್ಟಿಗೆಯ ಮೇಲೆಯೇ ನಿಂತಿರುತ್ತಾನೆ.

ಕೆಲವು ತಿಂಗಳ ಮೇಲೆ ಧಾರೆ ಮತ್ತೆ ಸಣ್ಣದಾದರೆ ಉಚ್ಚೆಯ ದಾರಿ ಗಾಯದ ಕಲೆಯಿಂದ ಕಿರಿದಾಗಿರಬಹುದು. ಹಳೆಯ ರೋಗ ಮರುಕಳಿಸಿತೆಂದು ಕೈಚೆಲ್ಲದೆ ತೋರಿಸಬೇಕು. ತೆಗೆದ ಚೂರುಗಳನ್ನು ಪರೀಕ್ಷೆಗೆ ಕಳಿಸಿರುತ್ತಾರೆ, ಆ ವರದಿಯನ್ನು ಮರೆಯದೆ ಇಸಿದುಕೊಳ್ಳಬೇಕು. ಎಷ್ಟೋ ಸಂಸಾರಗಳು ಬಿಲ್ಲಿನ ಕಾಗದವನ್ನು ಜೋಪಾನ ಮಾಡಿ ಈ ಕಾಗದವನ್ನು ಅಲ್ಲೇ ಬಿಟ್ಟು ಬರುತ್ತವೆ. ಕ್ಯಾನ್ಸರಿನ ಸುಳಿವಿದ್ದರೆ ಅದು ಸಿಗುವುದು ಆ ಕಾಗದದಲ್ಲಿ.

ಕ್ಯಾನ್ಸರಿಗಾಗಿ ಇಡೀ ಗ್ರಂಥಿಯನ್ನೇ ತೆಗೆಯುವ ಆಪರೇಷನ್ ಬೇರೆಯೇ ಮಟ್ಟದ್ದು. ಅಲ್ಲಿ ಉಚ್ಚೆಯ ಮೇಲಿನ ಹಿಡಿತ ತಪ್ಪುವುದು, ಗಂಡಸುತನಕ್ಕೆ ಕುಂದು ಬರುವುದು ಎರಡೂ ಹೆಚ್ಚು. 1982ರಲ್ಲಿ ಅಮೆರಿಕದ ಪ್ಯಾಟ್ರಿಕ್ ವಾಲ್ಷ್ ಅಲ್ಲಿನ ನರಗಳನ್ನು ಉಳಿಸಿ ಗ್ರಂಥಿ ತೆಗೆಯುವ ದಾರಿ ತೋರಿದ ಮೇಲೆ ಪರಿಸ್ಥಿತಿ ಸುಧಾರಿಸಿತು. 2002ರಲ್ಲಿ ಪ್ರಕಟವಾದ, 11,522 ರೋಗಿಗಳ ಅಧ್ಯಯನವೊಂದು ತೋರಿಸಿದ್ದು ಇಷ್ಟು: ಈ ಆಪರೇಷನ್ನನ್ನು ಹೆಚ್ಚು ಹೆಚ್ಚು ಮಾಡುವ ಆಸ್ಪತ್ರೆ ಮತ್ತು ವೈದ್ಯರ ಕೈಯಲ್ಲಿ ತೊಡಕುಗಳು ಕಡಿಮೆ. ಹಾಗಾಗಿ ಮಿರಜವಿರಲಿ, ಬೆಳಗಾವಿಯಿರಲಿ, ಬೆಂಗಳೂರಿರಲಿ, “ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ ಡಾಕ್ಟರೇ?” ಎಂದು ಕೇಳುವುದು ಉದ್ಧಟತನವಲ್ಲ. ರೋಗಿಯ ಹಕ್ಕು.

ಮೊಮ್ಮಗ ಅಂದು ನುಂಗಿದ ಪ್ರಶ್ನೆಗೆ ಬರುತ್ತೇನೆ. ಟಿಯುಆರ್‌ಪಿ ಆದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅಥವಾ ಅದಕ್ಕೂ ಹೆಚ್ಚು ಜನರಿಗೆ ಸಂಭೋಗದ ಕೊನೆಗೆ ವೀರ್ಯ ಹೊರಬಾರದೆ ಮೂತ್ರಚೀಲಕ್ಕೆ ಹೋಗುತ್ತದೆ, ಆಮೇಲೆ ಉಚ್ಚೆಯ ಜೊತೆ ಹೊರಬೀಳುತ್ತದೆ. ಇದರಿಂದ ಮೈಗೆ ಅಪಾಯವಿಲ್ಲ. ಮುಂಚೆಯೇ ತಿಳಿಸಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ತಿಳಿಸದೆ ಇದ್ದರೆ ಗಂಡಸು ತನ್ನ ಕತೆ ಮುಗಿಯಿತೆಂದು ಒಳಗೊಳಗೇ ಕುಸಿಯುತ್ತಾನೆ. ಮಾಮಾ ಆರು ತಿಂಗಳು ಅತ್ತೆಯ ಜೊತೆ ಸರಿಯಾಗಿ ಮಾತಾಡಲಿಲ್ಲ. ಕಾರಣ ತಿಳಿದದ್ದು ಊರಿಗೆ ಬಂದ ಒಬ್ಬ ಕನ್ನಡದ ವೈದ್ಯರು ಬೇವಿನ ಮರದ ಕೆಳಗೆ ಅವರೊಬ್ಬರ ಜೊತೆ ಕೂತು ಮಾತಾಡಿದ ಮೇಲೆ. ಮಾಮಾನಿಗೆ ಬೇಕಾಗಿದ್ದದ್ದು ಔಷಧವಲ್ಲ, ಅರ್ಧ ತಾಸಿನ ಮಾತು.

ಮಿರಜಕ್ಕೆ ಹೊರಟ ನಮ್ಮ ಕಡೆಯ ಹಿರಿಯರಿಗೂ ಅವರನ್ನು ಕರೆದೊಯ್ಯುವ ಮಕ್ಕಳಿಗೂ ಕೈಮುಗಿದು ಕೇಳುತ್ತೇನೆ. ಹೊರಡುವ ಹಿಂದಿನ ದಿನ ಒಂದು ಹಾಳೆ ತೆಗೆದುಕೊಳ್ಳಿ. ತೊಂದರೆ ಶುರುವಾದ ವರ್ಷ, ರಾತ್ರಿ ಎಷ್ಟು ಸಲ ಏಳುತ್ತೀರಿ, ಹಾಸಿಗೆ ಒದ್ದೆಯಾಗುತ್ತದೆಯೇ, ಸಕ್ಕರೆ, ಬಿಪಿ, ಎದೆ, ಹಿಂದಿನ ಆಪರೇಷನ್, ತಂಬಾಕು, ಎಲ್ಲವನ್ನೂ ಕನ್ನಡದಲ್ಲೇ ಬರೆಯಿರಿ. ನಾಟಿ ಔಷಧಿಯಿದ್ದರೆ ಅದನ್ನೂ ಸೇರಿಸಿ. ಮನೆಯಲ್ಲಿರುವ ಎಲ್ಲ ಗುಳಿಗೆ ಪಟ್ಟಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಕಣ್ಣಿನ ಪೊರೆ ತೆಗೆಸಲು ಹೋಗುವಾಗಲೂ ಪ್ರಾಸ್ಟೇಟಿನ ಗುಳಿಗೆ ನಡೆದಿರುವುದನ್ನು ಹೇಳಿ. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರ ಕಣ್ಣಿನ ಪಾಪೆಯ ಸುತ್ತಲಿನ ಪರದೆ ಆಪರೇಷನ್ನಿನಲ್ಲಿ ಸಡಿಲಬೀಳಬಹುದೆಂದು 2005ರಿಂದಲೂ ಕಣ್ಣಿನ ವೈದ್ಯರಿಗೆ ಗೊತ್ತಿದೆ. ಮಾತು ದಾಟಿಸಲು ಮೊಮ್ಮಗನನ್ನೂ ಸೊಸೆಯನ್ನೂ ನಿಲ್ಲಿಸಬೇಡಿ. ಸರಿವಯಸ್ಸಿನ ಗೆಳೆಯನೊಬ್ಬ ಜೊತೆಗಿರಲಿ. ಇಲ್ಲವೇ ಕನ್ನಡ ಬಲ್ಲ ಸಿಸ್ಟರ್ ಯಾರಿದ್ದಾರೆಂದು ಕೇಳಿ. ಮಿರಜದ ವಾರ್ಡುಗಳಲ್ಲಿ ಹುಡುಕಿದರೆ ಒಬ್ಬರಾದರೂ ಸಿಗುತ್ತಾರೆ.